ಎಲ್ಲರ ಅಮ್ಮ, ನಮ್ಮ ನಟಿ: ಪಂಡರೀಬಾಯಿಯವರ ಅಭಿನಯವನ್ನು ಕುರಿತು

ಈ ಊರಿನ ಯಾವುದೇ ಕನ್ನಡ ಮನೆಯಲ್ಲಿ ಪಂಡರೀಬಾಯಿಯವರ ಹೆಸರೆತ್ತಿದರೆ ಹಿರಿಯರಿಂದ ಬರುವ ಮೊದಲ ಮಾತು, "ಅಮ್ಮನ ಪಾತ್ರದವರಲ್ಲವೇ?" ಎಂಬುದು. ಪಕ್ಕದ ಮನೆಯ ತಮಿಳರನ್ನು ಕೇಳಿದರೂ ಅದೇ ಉತ್ತರ. ಎರಡು ಭಾಷೆಯ ಜನ ಒಬ್ಬ ನಟಿಯನ್ನು ಒಂದೇ ಪದದಿಂದ ನೆನೆಯುವುದು ಸಣ್ಣ ಗೌರವವಲ್ಲ. ಆದರೆ ಆ ಪದದ ಸೆರಗಿನ ಮರೆಯಲ್ಲಿ ಒಬ್ಬ ಶ್ರೇಷ್ಠ ಅಭಿನೇತ್ರಿ ಕಾಣದಂತಾಗಿದ್ದಾರೆಂದು ನನಗೆ ತೋರುತ್ತದೆ. ಅವರನ್ನು ತಾಯಿಯೆಂದು ಪೂಜಿಸಿದ್ದೇವೆ, ಕಲಾವಿದೆಯೆಂದು ನೋಡಿದ್ದು ಕಡಮೆ. ಆ ಕೊರತೆಯನ್ನು ಕೊಂಚವಾದರೂ ತುಂಬುವುದು ಈ ಬರಹದ ಉದ್ದೇಶ.

ಹುಟ್ಟಿದ ನಾಡು ಒಂದು, ಹೆಸರು ಮಾಡಿದ ನಾಡು ಇನ್ನೊಂದು ಆದ ಕಲಾವಿದರು ಎಲ್ಲ ದೇಶಗಳಲ್ಲೂ ಉಂಟು. 1879ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ವಾರ್ನರ್ ಓಲಂಡ್ ಬಾಲಕನಾಗಿದ್ದಾಗಲೇ ಮನೆಯವರೊಡನೆ ಅಮೆರಿಕಕ್ಕೆ ಹೋದರು. ಅಲ್ಲಿ ಅವರಿಗೆ ಕೀರ್ತಿ ತಂದದ್ದು ಚಾರ್ಲಿ ಚಾನ್ ಎಂಬ ಚೀನೀ ಪತ್ತೇದಾರನ ಪಾತ್ರ. 1931ರಿಂದ 1937ರವರೆಗೆ ಹದಿನಾರು ಚಿತ್ರಗಳಲ್ಲಿ ಅದೇ ವೇಷ. ನೋಡಿದವರಿಗೆ ಅವರು ಚಾರ್ಲಿ ಚಾನ್ ಮಾತ್ರ. ಸ್ವೀಡನ್ನಿನವರೆಂಬುದು ಎಷ್ಟು ಮಂದಿಗೆ ನೆನಪಿತ್ತೋ! 1938ರಲ್ಲಿ ಅವರು ಕಣ್ಣುಮುಚ್ಚಿದ್ದು ಮಾತ್ರ ಹುಟ್ಟಿದ ದೇಶದ ಸ್ಟಾಕ್‌ಹೋಮ್ ನಗರದಲ್ಲಿ. ವಲಸೆ ಬಂದ ಕಲಾವಿದನಿಗೆ ಹೊಸ ನಾಡು ಅನ್ನವನ್ನೂ ಹೆಸರನ್ನೂ ಕೊಡುತ್ತದೆ. ಜೊತೆಗೆ ಕಳಚಲಾಗದ ಒಂದು ವೇಷವನ್ನೂ ತೊಡಿಸಿಬಿಡುತ್ತದೆ. ಓಲಂಡರಿಗೆ ಅದು ಪತ್ತೇದಾರನ ವೇಷವಾಯಿತು, ನಮ್ಮ ಪಂಡರೀಬಾಯಿಯವರಿಗೆ ತಾಯಿಯ ವೇಷ.

ಪಂಡರೀಬಾಯಿಯವರು ಉತ್ತರ ಕನ್ನಡದ ಭಟ್ಕಳದವರು. ಹರಿಕಥೆ, ನಾಟಕಗಳ ವಾತಾವರಣದಿಂದ ಬಂದು 1943ರ 'ವಾಣಿ' ಎಂಬ ಕನ್ನಡ ಚಿತ್ರದಿಂದ ಬೆಳ್ಳಿತೆರೆಗೆ ಪರಿಚಿತರಾದರು. ಕನ್ನಡ ಚಿತ್ರಗಳು ಬಹುಮಟ್ಟಿಗೆ ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ ಕಾಲ ಅದು. ಕೋಡಂಬಾಕ್ಕಂ, ವಡಪಳನಿಯ ಬೀದಿಗಳಲ್ಲಿ ಕನ್ನಡದ ನಟನಟಿಯರು, ಸಾಹಿತಿಗಳು, ಹಾಡುಗಾರರು ಮನೆ ಮಾಡಿಕೊಂಡಿದ್ದರು. ಪಂಡರೀಬಾಯಿಯವರೂ ಇಲ್ಲೇ ನೆಲೆಸಿದರು. ಎ.ವಿ.ಎಂ. ಸಂಸ್ಥೆಯ ತಮಿಳು ಚಿತ್ರಗಳಲ್ಲೂ 1951ರ 'ಬಹಾರ್' ಎಂಬ ಹಿಂದೀ ಚಿತ್ರದಲ್ಲೂ ಕಾಣಿಸಿಕೊಂಡರು. ತಂಗಿ ಮೈನಾವತಿಯವರೂ ಮುಂದೆ ಕನ್ನಡದ ಜನಪ್ರಿಯ ನಾಯಕಿಯಾದರು.

ದಕ್ಷಿಣದ ಚಿತ್ರರಂಗದ ಇಬ್ಬರು ಮಹಾನಟರು ನಾಯಕರಾಗಿ ಮೊದಲು ಕ್ಯಾಮರಾ ಎದುರು ನಿಂತಾಗ ಎದುರಿಗೆ ನಾಯಕಿಯಾಗಿದ್ದವರು ಪಂಡರೀಬಾಯಿ. 1952ರ 'ಪರಾಶಕ್ತಿ'ಯಲ್ಲಿ ಶಿವಾಜಿ ಗಣೇಶನ್, 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜಕುಮಾರ್. ಈ ಸಂಗತಿಯನ್ನು ಎಲ್ಲರೂ ಹೇಳುತ್ತಾರೆ, ಆದರೆ ಅದೃಷ್ಟದ ಮಾತಿನಂತೆ ಹೇಳಿ ಮುಂದೆ ಹೋಗುತ್ತಾರೆ. ಯೋಚಿಸಿ ನೋಡಬೇಕು. ಆ ಇಬ್ಬರೂ ರಂಗಭೂಮಿಯಲ್ಲಿ ಪಳಗಿದವರು. ಕಂಚಿನ ಕಂಠ, ದೊಡ್ಡ ಅಂಗಾಭಿನಯ. ಕ್ಯಾಮರಾಕ್ಕೆ ಬೇಕಾದ ಹಿಡಿತವನ್ನು ಬಲ್ಲವರು ಹತ್ತು ವರ್ಷ ತೆರೆಯಲ್ಲಿ ದುಡಿದಿದ್ದ ಈ ನಾಯಕಿ. ನಾಯಕ ಗುಡುಗುವಾಗ ಅವನ ಮಾತನ್ನು ನಿಜವಾಗಿ ಕೇಳಿಸಿಕೊಳ್ಳುವವರೊಬ್ಬರು ತೆರೆಯ ಮೇಲೆ ಇರದಿದ್ದರೆ ಗುಡುಗು ಬರೀ ಸದ್ದಾಗುತ್ತದೆ. ಪಂಡರೀಬಾಯಿಯವರ ಹೆಚ್ಚುಗಾರಿಕೆ ಇರುವುದು ಈ ಕೇಳಿಸಿಕೊಳ್ಳುವುದರಲ್ಲಿ. ಎದುರಿಗಿದ್ದವರು ಮಾತಾಡುವಾಗ ಅವರು ತಮ್ಮ ಸರದಿಗಾಗಿ ಕಾಯುತ್ತಿರುವುದಿಲ್ಲ. ಆ ಮಾತು ಒಳಗಿಳಿಯುವುದು ಅವರ ಕಣ್ಣಲ್ಲಿ ನಮಗೆ ಕಾಣುತ್ತದೆ.

ಈ ಎರಡು ಚಿತ್ರಗಳು ಒಂದಕ್ಕೊಂದು ತದ್ವಿರುದ್ಧ. ಕರುಣಾನಿಧಿಯವರ ಸಂಭಾಷಣೆಯ 'ಪರಾಶಕ್ತಿ' ಗುಡಿಯ ಪೂಜಾರಿಯನ್ನು ಪ್ರಶ್ನಿಸಿ, ಕಲ್ಲು ಮಾತಾಡುವುದೇ ಎಂದು ಸವಾಲು ಹಾಕುವ ಚಿತ್ರ. ಎಚ್.ಎಲ್.ಎನ್. ಸಿಂಹರ 'ಬೇಡರ ಕಣ್ಣಪ್ಪ' ಅದೇ ಕಲ್ಲಿಗೆ ತನ್ನ ಕಣ್ಣನ್ನೇ ಕಿತ್ತುಕೊಡುವ ಮುಗ್ಧನ ಕಥೆ. ಒಂದರಲ್ಲಿ ದಿಕ್ಕುಗೆಟ್ಟ ಯುವಕನಿಗೆ ಸಮಾಜದ ನೋವನ್ನು ತೋರಿಸಿಕೊಡುವ ವಿಚಾರವಂತೆ ವಿಮಲಾ, ಇನ್ನೊಂದರಲ್ಲಿ ಕಾಡಿನ ಬೇಡಿತಿ ನೀಲ. ಎರಡು ವರ್ಷಗಳ ಅಂತರದಲ್ಲಿ, ಎರಡು ಭಾಷೆಗಳಲ್ಲಿ, ಎರಡು ಲೋಕದೃಷ್ಟಿಗಳ ಪಕ್ಕದಲ್ಲಿ ಒಬ್ಬಳೇ ನಟಿ ನಿಂತು ಎರಡನ್ನೂ ನಂಬುವಂತೆ ಮಾಡಿದಳೆಂದರೆ ಅದು ಶಕ್ತಿಯಲ್ಲವೇ? ವಿಮಲಾ ಉಪದೇಶದ ಬೊಂಬೆಯಾಗಿಬಿಡುವ ಅಪಾಯವಿತ್ತು. ಪಂಡರೀಬಾಯಿ ಅವಳಿಗೆ ಕೊಂಚ ತುಂಟತನವನ್ನೂ ಸ್ವಾಭಿಮಾನವನ್ನೂ ಬೆರೆಸಿದರು. ನೀಲ ಬರಿಯ ಪತಿವ್ರತೆಯಾಗುವ ಅಪಾಯವಿತ್ತು; ಗಂಡನ ಜೊತೆ ಅಲೆಯುವ ಆ ಹೆಣ್ಣಿನ ನಡಿಗೆಯಲ್ಲಿ ಹಸಿವು, ದಣಿವು, ಛಲ ಮೂರೂ ಇವೆ.

ಆದರೆ ಪಂಡರೀಬಾಯಿಯವರ ಕಲೆಯನ್ನು ಅಳೆಯಲು ಒಂದೇ ಚಿತ್ರ ಸಾಕೆಂದರೆ ನಾನು ಆರಿಸುವುದು 1954ರ ತಮಿಳು ಚಿತ್ರ 'ಅಂದ ನಾಳ್'. ವೀಣಾ ವಿದ್ವಾಂಸ ಎಸ್. ಬಾಲಚಂದರ್ ನಿರ್ದೇಶಿಸಿದ, ಹಾಡು ಕುಣಿತ ಒಂದೂ ಇಲ್ಲದ ಎ.ವಿ.ಎಂ. ಚಿತ್ರ ಅದು. ಸಂಗೀತಗಾರನೊಬ್ಬ ಹಾಡಿಲ್ಲದ ಚಿತ್ರ ಮಾಡಿದ್ದೇ ಒಂದು ಸೋಜಿಗ. 1943ರ ಅಕ್ಟೋಬರಿನಲ್ಲಿ ಜಪಾನೀ ವಿಮಾನ ಈ ಮದರಾಸಿನ ಮೇಲೆ ಬಾಂಬು ಹಾಕಿದ ದಿನಗಳ ಕಥೆ. ರಾಜನ್ ಎಂಬ ರೇಡಿಯೋ ಇಂಜಿನಿಯರನ ಕೊಲೆಯಾಗಿದೆ. ಮನೆಯವರೂ ನೆರೆಯವರೂ ಒಬ್ಬೊಬ್ಬರಾಗಿ ತಮಗೆ ತಿಳಿದದ್ದನ್ನು ಪೋಲೀಸರ ಮುಂದೆ ಹೇಳುತ್ತಾರೆ. ಎಪ್ಪತ್ತು ವರ್ಷ ದಾಟಿದ ಚಿತ್ರವಾದ್ದರಿಂದ ಗುಟ್ಟು ಬಿಟ್ಟುಕೊಟ್ಟರೆ ವಾಚಕರು ಮುನಿಯಲಾರರು. ಗಂಡ ಶತ್ರುದೇಶಕ್ಕೆ ಸುದ್ದಿ ಮಾರುತ್ತಿದ್ದಾನೆಂದು ತಿಳಿದ ಹೆಂಡತಿ ಉಷಾಳ ಕೈಯಲ್ಲಿದ್ದ ಪಿಸ್ತೂಲಿನಿಂದಲೇ ಆ ಗುಂಡು ಹಾರಿರುತ್ತದೆ.

ಈ ಚಿತ್ರವನ್ನು ಎರಡು ಸಲ ನೋಡಬೇಕು. ಮೊದಲ ಸಲ ಉಷಾ ಗಂಡನನ್ನು ಕಳೆದುಕೊಂಡ ದುಃಖಿನಿಯಾಗಿ ಕಾಣುತ್ತಾಳೆ. ಗುಟ್ಟು ತಿಳಿದ ಮೇಲೆ ಎರಡನೆಯ ಸಲ ನೋಡಿದರೆ ಅದೇ ಮುಖದಲ್ಲಿ ಬೇರೊಂದು ಬರಹ ಕಾಣುತ್ತದೆ. ಆ ದುಃಖ ಸುಳ್ಳಲ್ಲ, ಅವಳು ನಿಜವಾಗಿಯೂ ವಿಧವೆ. ಆ ಮೌನವೂ ಸುಳ್ಳಲ್ಲ, ಅವಳು ನಿಜವಾಗಿಯೂ ಬಚ್ಚಿಡುತ್ತಿದ್ದಾಳೆ. ಮೊದಲ ನೋಟಕ್ಕೆ ಮೋಸವಾಗದಂತೆ, ಎರಡನೆಯ ನೋಟಕ್ಕೆ ಬಣ್ಣಗೆಡದಂತೆ ಅಭಿನಯಿಸುವುದು ಕತ್ತಿಯ ಅಲಗಿನ ಮೇಲಿನ ನಡಿಗೆ. ಚಿತ್ರದಲ್ಲಿ ಶಿವಾಜಿಯವರ ಪಾತ್ರವೇ ಮಿಂಚುವುದು, ನಿಜ. ಆದರೆ ಚಿತ್ರವನ್ನು ಹೊತ್ತು ನಿಂತಿರುವುದು ಪಂಡರೀಬಾಯಿಯವರ ಹೆಗಲು. ಆ ವರ್ಷದ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಕನ್ನಡದ 'ಬೇಡರ ಕಣ್ಣಪ್ಪ'ಕ್ಕೂ ತಮಿಳಿನ 'ಅಂದ ನಾಳ್'ಗೂ ಅರ್ಹತಾ ಪತ್ರಗಳು ಬಂದವು. ಎರಡರಲ್ಲೂ ನಾಯಕಿ ಒಬ್ಬರೇ.

ಇಂಥ ನಟಿ ಕೆಲವೇ ವರ್ಷಗಳಲ್ಲಿ ತಾಯಿಯ ಪಾತ್ರಗಳಿಗೆ ಸರಿದದ್ದು ಏಕೆ? ನಮ್ಮ ಚಿತ್ರರಂಗದ ಲೆಕ್ಕವೇ ವಿಚಿತ್ರ. ನಾಯಕನಿಗೆ ವಯಸ್ಸಾಗುವುದಿಲ್ಲ, ನಾಯಕಿಗೆ ಮಾತ್ರ ಆಗುತ್ತದೆ. ಶಿವಾಜಿ, ರಾಜಕುಮಾರ್ ಇಬ್ಬರಿಗೂ ಪಂಡರೀಬಾಯಿ ಸರಿಸುಮಾರು ಸಮವಯಸ್ಕರು. ಎಂ.ಜಿ.ಆರ್. ಅಂತೂ ಅವರಿಗಿಂತ ಹತ್ತು ವರ್ಷಕ್ಕೂ ಹೆಚ್ಚು ದೊಡ್ಡವರು. ಆದರೂ 1968ರ 'ಕುಡಿಯಿರುಂದ ಕೋಯಿಲ್' ಚಿತ್ರದಲ್ಲಿ ಎಂ.ಜಿ.ಆರ್. ಮಗ, ಪಂಡರೀಬಾಯಿ ತಾಯಿ! 1969ರ 'ದೈವ ಮಗನ್' ಇನ್ನೂ ಮುಂದೆ ಹೋಗುತ್ತದೆ. ಅಲ್ಲಿ ಶಿವಾಜಿ ಅವರದು ತಂದೆ, ಇಬ್ಬರು ಮಕ್ಕಳು ಹೀಗೆ ಮೂರು ಪಾತ್ರ. ಪಂಡರೀಬಾಯಿ ಒಬ್ಬ ಶಿವಾಜಿಗೆ ಹೆಂಡತಿ, ಇಬ್ಬರು ಶಿವಾಜಿಗಳಿಗೆ ತಾಯಿ. ಆಸ್ಕರ್ ಸ್ಪರ್ಧೆಗೆ ಭಾರತದಿಂದ ಹೋದ ಮೊದಲ ತಮಿಳು ಚಿತ್ರ ಅದು. ಮೂರು ಶಿವಾಜಿಗಳ ಬಗ್ಗೆ ಪುಟಗಟ್ಟಲೆ ಬರೆದವರಿದ್ದಾರೆ. ಮೂವರನ್ನೂ ಒಂದೇ ಕುಟುಂಬವೆಂದು ನಮ್ಮನ್ನು ನಂಬಿಸಿದ ಆ ನಾಲ್ಕನೆಯವರ ಬಗ್ಗೆ ಯಾರು ಬರೆದರು?

ಹೊಗಳಿಕೆಯಷ್ಟೇ ವಿಮರ್ಶೆಯಲ್ಲ, ಆದ್ದರಿಂದ ಇನ್ನೊಂದು ಮಾತನ್ನೂ ಹೇಳಬೇಕು. ಅರವತ್ತರ ದಶಕದಿಂದ ಈಚೆಗೆ ಅವರು ಒಪ್ಪಿಕೊಂಡ ಪಾತ್ರಗಳಲ್ಲಿ ಬಹಳಷ್ಟು ಒಂದೇ ಅಚ್ಚಿನವು. ದೇವರ ಮುಂದೆ ದೀಪ, ಕೈಯಲ್ಲಿ ಆರತಿ ತಟ್ಟೆ, ಕಣ್ಣಲ್ಲಿ ನೀರು, ಮಗನಿಗೊಂದು ಆಶೀರ್ವಾದ. ಬರೆದವರಿಗೆ ಬೇಕಾಗಿದ್ದದ್ದು ಅಷ್ಟೇ, ಅವರು ಕೊಟ್ಟದ್ದೂ ಎಷ್ಟೋ ಸಲ ಅಷ್ಟೇ. ಬೇಡವೆನ್ನುವ ಧೈರ್ಯ ತೋರಿದ್ದರೆ ಚಿತ್ರಗಳ ಸಂಖ್ಯೆ ಇಳಿದು ನೆನಪಿನಲ್ಲಿ ಉಳಿಯುವ ಪಾತ್ರಗಳ ಸಂಖ್ಯೆ ಏರುತ್ತಿತ್ತೇನೋ. ಆದರೆ ಸಂಸಾರ ಸಾಗಿಸಲು ದುಡಿಯುವ ನಮಗೆ ಈ ಮಾತನ್ನು ಗಟ್ಟಿಯಾಗಿ ಹೇಳಲು ನಾಲಗೆ ಏಳುವುದಿಲ್ಲ. ಕೆಲಸ ಬಂದಾಗ ಬೇಡವೆನ್ನುವ ಸೌಲಭ್ಯ ಪರಊರಿಗೆ ಬಂದು ಬದುಕು ಕಟ್ಟಿಕೊಂಡವರಿಗೆ ಎಷ್ಟು ಮಂದಿಗೆ ಇರುತ್ತದೆ?

ಅದೇ ಅಚ್ಚಿನೊಳಗೂ ಅವರು ಹೊಸ ಜೀವ ತುಂಬಿದ ನಿದರ್ಶನಗಳಿವೆ. ಆರ್. ನಾಗೇಂದ್ರರಾಯರ 'ನಮ್ಮ ಮಕ್ಕಳು' ಚಿತ್ರದ ಅಭಿನಯಕ್ಕೆ ಅವರಿಗೆ 1968-69ರ ಸಾಲಿನ ಶ್ರೇಷ್ಠ ನಟಿ ರಾಜ್ಯ ಪ್ರಶಸ್ತಿ ಬಂತು. 1986ರ 'ಅನುರಾಗ ಅರಳಿತು' ಚಿತ್ರದಲ್ಲಿ ರಾಜಕುಮಾರರ ತಾಯಿಯಾದರು. ಮೂವತ್ತೆರಡು ವರ್ಷಗಳ ಹಿಂದೆ ಬೇಡರ ಹಟ್ಟಿಯಲ್ಲಿ ಹೆಂಡತಿಯಾಗಿದ್ದವರನ್ನು ಈಗ ಮಗನಾಗಿ ರಾಜಕುಮಾರ್ ಎತ್ತಿಕೊಂಡು ದೇವರ ದರ್ಶನಕ್ಕೆ ಹೋಗುತ್ತಾರೆ. ಆ ಚಿತ್ರ 1992ರಲ್ಲಿ ತಮಿಳಿನಲ್ಲಿ 'ಮನ್ನನ್' ಆದಾಗ ರಜನೀಕಾಂತರ ತಾಯಿಯೂ ಪಂಡರೀಬಾಯಿಯವರೇ. ನಾಯಕ, ಭಾಷೆ, ನಿರ್ದೇಶಕ ಎಲ್ಲ ಬದಲಾದರು, ಅಮ್ಮ ಬದಲಾಗಲಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಹೊತ್ತವನ ಭುಜದ ಮೇಲಿರುವ ಆ ಮುಖದಲ್ಲಿ ಸಂತೋಷದ ಜೊತೆಗೆ, ಮಗನಿಗೆ ಭಾರವಾದೆನಲ್ಲ ಎಂಬ ಸಣ್ಣ ಸಂಕೋಚವೂ ಇದೆ. ಆ ಸಂಕೋಚ ನಮ್ಮ ನಮ್ಮ ಮನೆಯ ತಾಯಂದಿರದು. ಇದನ್ನು ಯಾವ ನಿರ್ದೇಶಕನೂ ಬರೆದುಕೊಟ್ಟಿರಲಾರ.

ಇನ್ನು ಅವರು ಯಾರ ನಟಿ ಎಂಬ ಪ್ರಶ್ನೆ. ರಾಜಕುಮಾರ್ ಬಹುಕಾಲ ಮದರಾಸಿನಲ್ಲೇ ಇದ್ದರೂ 1954ರ 'ಕಾಳಹಸ್ತಿ ಮಹಾತ್ಮ್ಯಂ' ಎಂಬ ಒಂದೇ ತೆಲುಗು ಚಿತ್ರವನ್ನು ಬಿಟ್ಟರೆ ಕನ್ನಡದಲ್ಲೇ ನಟಿಸಿದರು. ಅದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕಾದ್ದೇ. ಆದರೆ ಆ ಹೆಮ್ಮೆಯ ಅಳತೆಗೋಲನ್ನು ಎಲ್ಲರ ಮೇಲೂ ಇಟ್ಟರೆ ಅನ್ಯಾಯವಾಗುತ್ತದೆ. ಪಂಡರೀಬಾಯಿ ತಮಿಳಿನಲ್ಲಿ ದುಡಿದರು, ತಮಿಳರ ಪ್ರೀತಿ ಗಳಿಸಿದರು. ಅದೇ ಕಾಲದಲ್ಲಿ ಕನ್ನಡಕ್ಕೂ ದುಡಿದರು. ಕನ್ನಡ ಚಿತ್ರಕ್ಕೆ ಹಣ ಹೂಡುವುದು ಸಾಹಸವೇ ಆಗಿದ್ದ ದಿನಗಳಲ್ಲಿ, 1957ರಲ್ಲಿ, 'ರಾಯರ ಸೊಸೆ' ಚಿತ್ರವನ್ನು ತಾವೇ ನಿರ್ಮಿಸಿದರು. ತಮಿಳಿನಲ್ಲಿ ಗಳಿಸಿದ ಹೆಸರನ್ನು ಕನ್ನಡದಲ್ಲಿ ಪಣಕ್ಕಿಟ್ಟವರನ್ನು ಹೊರಗಿನವರೆನ್ನುವುದು ಹೇಗೆ?

ಇದು ನಮ್ಮ ಕಥೆಯೂ ಹೌದು. ಹಗಲು ಆಫೀಸಿನಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ ತಮಿಳು. ಸಂಜೆ ಮನೆಯಲ್ಲಿ ಕನ್ನಡ. ನಮ್ಮ ಮಕ್ಕಳ ಬಾಯಲ್ಲಿ ಎರಡೂ ಬೆರೆತಾಗ ಊರಿನ ನೆಂಟರು ಮುಖ ಸಿಂಡರಿಸುವುದುಂಟು. ಎರಡು ಭಾಷೆಗಳಲ್ಲಿ ಬದುಕುವುದು ಎರಡು ದೋಣಿಯಲ್ಲಿ ಕಾಲಿಟ್ಟಂತೆ ಎಂದು ಹೆದರಿಸುವವರಿದ್ದಾರೆ. ಎರಡು ದಡಕ್ಕೂ ಸೇತುವೆಯಾಗಿ ಬದುಕುವುದು ಸಾಧ್ಯವೆಂಬುದಕ್ಕೆ ಪಂಡರೀಬಾಯಿಯವರಿಗಿಂತ ಒಳ್ಳೆಯ ನಿದರ್ಶನ ಈ ಊರಿನಲ್ಲಿ ನನಗೆ ಕಾಣದು.

2003ರ ಜನವರಿ 29ರಂದು ಅವರು ಇದೇ ಚೆನ್ನೈಯಲ್ಲಿ ತೀರಿಕೊಂಡರು. ಅವರಿಗಾಗಿ ನಾವು ಪುತ್ಥಳಿ ನಿಲ್ಲಿಸಬೇಕಾಗಿಲ್ಲ. ರಜೆಯ ದಿನ ಮನೆಯ ಮಕ್ಕಳನ್ನು ಕೂರಿಸಿಕೊಂಡು 'ಬೇಡರ ಕಣ್ಣಪ್ಪ'ವನ್ನೂ 'ಅಂದ ನಾಳ್' ಚಿತ್ರವನ್ನೂ ಒಂದರ ಹಿಂದೊಂದು ತೋರಿಸಿದರೆ ಸಾಕು. ಹಳೆಯ ಕಪ್ಪು ಬಿಳುಪು ಚಿತ್ರವೆಂದು ಮಕ್ಕಳು ಮೊದಲು ಗೊಣಗಿಯಾರು. ಆ ಹೆಂಗಸು ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂದು ಅವರಲ್ಲೊಬ್ಬರು ತಾವಾಗಿಯೇ ಹೇಳಿದ ಗಳಿಗೆಯಲ್ಲಿ, 'ಅಮ್ಮ' ಎಂಬ ಬಿರುದಿನ ಹಿಂದೆ ಇಷ್ಟು ದಿನ ಕಾಯುತ್ತಿದ್ದ ನಟಿ ಮತ್ತೆ ನಮ್ಮೆದುರು ಬಂದು ನಿಲ್ಲುತ್ತಾರೆ.