ಬಡಾವಣೆಯ ಹಾಡು ಯಾವ ಬಡಾವಣೆಗೆ ಸೇರಿದ್ದು?

ಕೆನಡಾದ ‘ರಶ್’ ತಂಡ 1982ರಲ್ಲಿ ‘ಸಿಗ್ನಲ್ಸ್’ ಆಲ್ಬಮ್ ತಂದಾಗ ಅದರ ಮೊದಲ ಹಾಡು ‘ಸಬ್‌ಡಿವಿಷನ್ಸ್’ ಶುರುವಾದದ್ದು ಸಿಂಥಸೈಜರ್‌ನಿಂದ. ಆರು ವರ್ಷ ಮೊದಲು ‘2112’ರಲ್ಲಿ ರೆಕಾರ್ಡಿನ ಒಂದು ಇಡೀ ಬದಿಯನ್ನು, ಸುಮಾರು ಇಪ್ಪತ್ತು ನಿಮಿಷವನ್ನು, ಮುಂದಿನ ಕಾಲದ ಒಂದೇ ಕಥೆಗೆ ಕೊಟ್ಟವರು ಇವರು. ಈಗ ಐದೂವರೆ ನಿಮಿಷದ ಹಾಡು. ಅದರೊಳಗೆ ಹೈಸ್ಕೂಲು, ಶಾಪಿಂಗ್ ಮಾಲ್, ಸಾಲುಮನೆಗಳು. ಇದು ಪ್ರೊಗ್ರೆಸಿವ್ ರಾಕೋ, ನ್ಯೂ ವೇವ್ ಕಡೆಗೆ ಜಾರಿದ ಪಾಪೋ?

ವರ್ಗೀಕರಣ ಗುಮಾಸ್ತನ ಕೆಲಸ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಯಾವ ಹಣೆಪಟ್ಟಿ ಹಚ್ಚುತ್ತೇವೋ ಅದಕ್ಕೆ ತಕ್ಕಂತೆ ನಮ್ಮ ಕಿವಿ ಕೆಲವನ್ನು ಹುಡುಕುತ್ತದೆ, ಕೆಲವನ್ನು ಬಿಟ್ಟುಬಿಡುತ್ತದೆ.

ಮೊದಲು ವಾದ್ಯದ ಮಾತು. 1970ರಲ್ಲಿ ಎಮರ್ಸನ್, ಲೇಕ್ ಆ್ಯಂಡ್ ಪಾಮರ್ ತಂಡದ ‘ಲಕಿ ಮ್ಯಾನ್’ ಹಾಡಿನ ಕೊನೆಗೆ ಕೀತ್ ಎಮರ್ಸನ್ ನುಡಿಸಿದ ಮೂಗ್ ಸಿಂಥಸೈಜರ್ ಒಮ್ಮೆಗೆ ಒಂದೇ ಸ್ವರ ಹೊರಡಿಸುವ ಯಂತ್ರ. ಹಾಗಾಗಿ ಅದು ಮುಂದೆ ಬಂದು ಮೆರೆಯುವ ವಾದ್ಯವಾಯಿತು. ಗೆಡ್ಡಿ ಲೀ ಇಲ್ಲಿ ಬಳಸಿದ ಓಬರ್‌ಹೈಮ್ ಓಬಿ-ಎಕ್ಸ್‌ನಲ್ಲಿ ಹಲವು ಸ್ವರಗಳನ್ನು ಒಟ್ಟಿಗೆ ಹಿಡಿಯಬಹುದು. ಸಿಂಥ್ ಈಗ ಹಾಡಿನ ನೆಲವೂ ಆಗುತ್ತದೆ, ಆಕಾಶವೂ ಆಗುತ್ತದೆ. ಅಲೆಕ್ಸ್ ಲೈಫ್‌ಸನ್‌ನ ಗಿಟಾರ್ ಹಿಂದಕ್ಕೆ ಸರಿಯಿತು. ಅದು ಅವನಿಗೂ ಹಿಡಿಸಿರಲಿಲ್ಲ. ಇಷ್ಟನ್ನೇ ನೋಡಿದರೆ ‘ಪಾಪ್’ ಎನ್ನುವವರ ಕೈ ಮೇಲಾಗುತ್ತದೆ.

ಆದರೆ ತಾಳ ಬೇರೆ ಮಾತಾಡುತ್ತದೆ. ಹಾಡಿನ ಆರಂಭ ಏಳರ ಎಣಿಕೆಯಲ್ಲಿದೆ. ಮಿಶ್ರಛಾಪು ಕೇಳಿ ಬೆಳೆದ ನಮಗೆ ಏಳು ಹೊಸದಲ್ಲ, ಏಳಿದ್ದ ಮಾತ್ರಕ್ಕೆ ಯಾವ ಹಾಡೂ ದೊಡ್ಡದಾಗುವುದಿಲ್ಲ. ಗಮನಿಸಬೇಕಾದದ್ದು ಪಲ್ಲವಿಯನ್ನು. ಗುಂಪಿನಂತೆ ಇರು, ಇಲ್ಲವೇ ಹೊರಗೆ ನಿಲ್ಲು ಎಂಬ ಒತ್ತಾಯದ ಮಾತು ಬರುವ ಹೊತ್ತಿಗೆ ತಾಳ ನೇರ ನಾಲ್ಕಕ್ಕೆ ಬಂದು ನಿಲ್ಲುತ್ತದೆ. ಅಳತೆ ತಪ್ಪದ ಸೈಟುಗಳಂತೆ ಬೀಟುಗಳು ಸಾಲಾಗಿ ಕೂರುತ್ತವೆ. ಎಲ್ಲಿಯೂ ಸರಿಹೊಂದದ ಹುಡುಗನಿಗೆ ಏಳು, ಹೊಂದಿಕೊಳ್ಳೆಂದು ಗದರಿಸುವ ಊರಿಗೆ ನಾಲ್ಕು. ಜತೆಗೆ ಒಂದು ದಪ್ಪ ದನಿ ಶೀರ್ಷಿಕೆಯನ್ನು ಪ್ರಕಟಣೆಯ ಹಾಗೆ ಉಚ್ಚರಿಸುತ್ತದೆ. ಹೀಗೆ ರಚನೆಯೇ ಅರ್ಥವನ್ನು ಹೊರುವುದು ಪ್ರೊಗ್ರೆಸಿವ್ ರಾಕ್‌ನ ಒಳ್ಳೆಯ ಗುಣ. ಅದಕ್ಕೆ ಇಪ್ಪತ್ತು ನಿಮಿಷ ಬೇಕೆಂದೇನೂ ಇಲ್ಲ.

‘ಸಬ್‌ಡಿವಿಷನ್’ ಅಂದರೆ ನಮ್ಮ ಬಾಯಲ್ಲಿ ಬಡಾವಣೆ, ಲೇಔಟು. ನೆಲವನ್ನು ತುಂಡು ಮಾಡಿದ ಹಾಗೆಯೇ ಅಲ್ಲಿನ ಹುಡುಗರನ್ನೂ ತುಂಡು ಮಾಡುತ್ತಾರೆ ಎಂಬ ಶ್ಲೇಷೆ ಸಾಹಿತ್ಯ ಬರೆದ ಡ್ರಮ್ಮರ್ ನೀಲ್ ಪಿಯರ್ಟ್‌ನದು. ಲೀ ಮತ್ತು ಲೈಫ್‌ಸನ್ ಟೊರಾಂಟೊದ ಹೊರವಲಯ ವಿಲೋಡೇಲ್‌ನಲ್ಲಿ ಬೆಳೆದವರು. ಹಾಡಿಗೆ ಆ ಅನುಭವದ ಉಪ್ಪಿದೆ.

ಇದನ್ನು ಒಂಟಿ ಹುಡುಗರ ಗೀತೆಯೆಂದು ಕೇಳುವವರು ಹೆಚ್ಚು. ಕೊನೆಯ ಚರಣವನ್ನು ಅವರು ಸರಿಯಾಗಿ ಕೇಳಿಸಿಕೊಂಡಿಲ್ಲವೇನೋ. ಬಡಾವಣೆ ಬಿಟ್ಟು ನಗರದ ದೀಪಗಳಿಗೆ ಪತಂಗಗಳಂತೆ ಓಡಿದವರು ಅಲ್ಲಿಯೂ ಗೆಲ್ಲುವುದಿಲ್ಲ. ಕೆಲವರು ಕನಸನ್ನು ಸಣ್ಣ ಆಸೆಗಳಿಗೆ ಮಾರಿಕೊಳ್ಳುತ್ತಾರೆ, ಓಟದಲ್ಲಿ ಸೋಲುತ್ತಾರೆ. ದಣಿದವರ ನೆನಪಿಗೆ ಬರುವುದು ಬಿಟ್ಟುಬಂದ ಅದೇ ಬೀದಿ, ಅದೇ ನಿಶ್ಶಬ್ದ ರಾತ್ರಿ. ಉಸಿರುಗಟ್ಟಿಸಿದ ಜಾಗವೇ ಹಂಬಲದ ಜಾಗವಾಗುವ ಈ ತಿರುವು ಬಂಡಾಯದ ಘೋಷಣೆಗೆ ಸಿಗುವಂಥದ್ದಲ್ಲ. ಬೆಚ್ಚಗೂ ತಣ್ಣಗೂ ಕೇಳಿಸುವ ಆ ಸಿಂಥ್ ಇಲ್ಲಿ ಅನಿವಾರ್ಯ ಅನ್ನಿಸುತ್ತದೆ. ಗಿಟಾರ್ ಮುಂದಿದ್ದರೆ ಹಾಡು ಬರೀ ಸಿಟ್ಟಾಗುತ್ತಿತ್ತು.

ಹಾಗಾಗಿ ನಾನು ಇದನ್ನು ಪ್ರೊಗ್ರೆಸಿವ್ ರಾಕ್ ಎಂದೇ ಕರೆಯುತ್ತೇನೆ. ನ್ಯೂ ವೇವ್‌ನಿಂದ ಮಿತಭಾಷೆ ಕಲಿತ ಪ್ರೊಗ್ರೆಸಿವ್ ರಾಕ್. ಹೆಸರಿಡದೆ ನಮಗೆ ನಡೆಯುವುದಿಲ್ಲ. ಆದರೆ ಜನರನ್ನು ಗೆರೆ ಎಳೆದು ಹಂಚುವುದರ ಬಗ್ಗೆಯೇ ಇರುವ ಹಾಡಿಗೆ ಗೆರೆ ಎಳೆಯುವಾಗ ಸುಣ್ಣದಲ್ಲಿ ಎಳೆದರೆ ಸಾಕು, ಕಲ್ಲು ನೆಡಬೇಕಾಗಿಲ್ಲ.