ಜಿಲ್ಲಾ ಕೇಂದ್ರದಲ್ಲೇ ನಿಂತ ಫ್ಯಾಕ್ಟರ್

ಹಿಮೋಫಿಲಿಯಾ ಇರುವ ಹುಡುಗನ ಮಂಡಿಯೊಳಗೆ ರಕ್ತ ಸೋರತೊಡಗಿದರೆ ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಮೊದಲು ಜುಮುಜುಮು, ಆಮೇಲೆ ಬಿಸಿ, ಬಾವು, ಕಾಲು ಮಡಚಲಾಗದ ನೋವು. ರಕ್ತ ಹೆಪ್ಪುಗಟ್ಟಿಸುವ ಇಂಜೆಕ್ಷನ್, ಮನೆಮಂದಿ ಫ್ಯಾಕ್ಟರ್ ಎನ್ನುವುದು, ಒಂದೆರಡು ಗಂಟೆಯೊಳಗೆ ಸಿಕ್ಕರೆ ಕೀಲು ಉಳಿಯುತ್ತದೆ. ದಾವಣಗೆರೆ ಜಿಲ್ಲೆಯ ಸಾಸ್ವೆಹಳ್ಳಿ ಹೋಬಳಿಯ ಹಳ್ಳಿಯೊಂದರಿಂದ ನಡುರಾತ್ರಿ ಗಾಡಿ ಹುಡುಕಿ ದಾವಣಗೆರೆಗೋ ಶಿವಮೊಗ್ಗಕ್ಕೋ ಮುಟ್ಟುವಷ್ಟರಲ್ಲಿ ಆ ಹೊತ್ತು ಮೀರಿರುತ್ತದೆ. ಜೀವನಪೂರ್ತಿ ಕಾಯಿಲೆಯೊಂದಿಗೆ ಬದುಕುವವರಿಗಾಗಿ ನಾವು ಏನು ಮಾಡಿದ್ದೇವೆ ಎಂಬುದನ್ನು ಈ ಎರಡು ಗಂಟೆಯಿಂದಲೇ ಅಳೆಯಬೇಕು.

ಈ ಜಿಲ್ಲೆಯ ಮಟ್ಟಿಗೆ ದೊಡ್ಡ ಕೆಲಸ ನಡೆದಿದೆ. ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಕಟ್ಟಿದ ಡಾ. ಸುರೇಶ್ ಹನಗವಾಡಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನಲ್ಲಿ ರೋಗಶಾಸ್ತ್ರ ಕಲಿಸಿದವರು. ಅವರಿಗೂ ಇದೇ ಕಾಯಿಲೆ. ನೋವು ಉಂಡವರೇ ಮುಂದೆ ನಿಂತದ್ದರಿಂದ ಅಲ್ಲಿ ರೋಗಿ ಕರುಣೆಗೆ ಕಾಯುವವನಾಗಿ ಉಳಿಯದೆ ಹಕ್ಕು ಕೇಳುವವನಾದ. ನನ್ನ ಪ್ರಕಾರ ಈ ಚಳವಳಿಯ ನಿಜವಾದ ಗಳಿಕೆ ಇದೇ. 1963ರಲ್ಲಿ ವಿಶ್ವ ಹಿಮೋಫಿಲಿಯಾ ಒಕ್ಕೂಟವನ್ನು ಸ್ಥಾಪಿಸಿದ ಫ್ರಾಂಕ್ ಶ್ನಾಬೆಲ್ ಕೂಡ ಹಿಮೋಫಿಲಿಯಾ ಇದ್ದವರೇ.

ಕಾನೂನು ಅರ್ಧ ದಾರಿ ಬಂದು ನಿಂತಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಒಪ್ಪಿಕೊಂಡು ಹಿಮೋಫಿಲಿಯಾ, ಥಲಸೇಮಿಯಾ, ಸಿಕಲ್ ಸೆಲ್‌ಗಳನ್ನೂ ಸೇರಿಸಿತು. ಶೇ 40ರಷ್ಟು ವೈಕಲ್ಯ ಇದ್ದರೆ ಉನ್ನತ ಶಿಕ್ಷಣದ ಶೇ 5 ಮೀಸಲಾತಿಯೂ ಸಿಗುತ್ತದೆ. ಆದರೆ ಸರ್ಕಾರಿ ಉದ್ಯೋಗದ ಶೇ 4ರ ಪಟ್ಟಿಯಲ್ಲಿ ಈ ಮೂರು ರಕ್ತದ ಕಾಯಿಲೆಗಳ ಹೆಸರಿಲ್ಲ. ಓದಿಸಿ, ಕೆಲಸದ ಬಾಗಿಲಲ್ಲಿ ತಡೆಯುವುದು ಅನ್ಯಾಯ.

ಇನ್ನು ವಿಮೆಯ ಮಾದರಿಯ ಯೋಜನೆಗಳು. 2003ರ ಯಶಸ್ವಿನಿ ರೈತರ ಶಸ್ತ್ರಚಿಕಿತ್ಸೆಗಾಗಿ ಹುಟ್ಟಿತು, ಅನೇಕರ ಜೀವ ಉಳಿಸಿತು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕವು ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಕೊಡುತ್ತದೆ. ಎರಡರ ಒಲವೂ ಆಸ್ಪತ್ರೆಗೆ ದಾಖಲಾಗುವವರ ಕಡೆಗೇ. ವಾರಕ್ಕೆ ಎರಡು ಮೂರು ಸಲ ಇಂಜೆಕ್ಷನ್ ಪಡೆದು, ರಕ್ತ ಸೋರದಂತೆ ಮೊದಲೇ ತಡೆದು, ಶಾಲೆಗೂ ಹೊಲಕ್ಕೂ ಹೋಗಬೇಕಾದವನು ಆ ಲೆಕ್ಕದಲ್ಲಿ ರೋಗಿಯೇ ಅಲ್ಲ! ಕೀಲು ಹಾಳಾಗಿ ಹಾಸಿಗೆ ಹಿಡಿದ ಮೇಲೆ ಹಣ ಬಿಚ್ಚುವ ವ್ಯವಸ್ಥೆಯನ್ನು ನಾನು ಸುಧಾರಣೆ ಎನ್ನಲಾರೆ.

ದಾರಿ ಇಲ್ಲವೆಂದಲ್ಲ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಮನೆ ಬಾಗಿಲಿಗೆ ಒಯ್ಯುವ ಯೋಚನೆ. ಮಾತ್ರೆ ಹೋಗುವ ದಾರಿಯಲ್ಲಿ ಫ್ಯಾಕ್ಟರ್ ಯಾಕೆ ಹೋಗಬಾರದು? ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು; ಮಕ್ಕಳ ಲಸಿಕೆಗಾಗಿ ಆರೋಗ್ಯ ಕೇಂದ್ರಗಳಲ್ಲಿ ಆ ತಂಪು ಈಗಾಗಲೇ ಇದೆ. ನರ ಹುಡುಕುವ ಕಷ್ಟವಿಲ್ಲದೆ ಚರ್ಮದಡಿ ಚುಚ್ಚುವ ಎಮಿಸಿಜುಮ್ಯಾಬ್ ಕೂಡ ಬಂದಿದೆ. ತಿಂಗಳಿಗೊಮ್ಮೆ ಕೊಡುವ ಕ್ರಮವೂ ಅದಕ್ಕಿದೆ. ದುಬಾರಿ, ನಿಜ. ಆದರೆ ಮೂವತ್ತರ ಪ್ರಾಯದಲ್ಲಿ ಊರುಗೋಲು ಹಿಡಿದವನ ದುಡಿಮೆಯ ನಷ್ಟವನ್ನು ಯಾರ ಖಾತೆಗೆ ಬರೆಯುವುದು?

ತುಂಗಭದ್ರೆಯ ನೀರನ್ನು ಎತ್ತಿ ಚನ್ನಗಿರಿಯಾಚೆಯ ಕೆರೆಗಳವರೆಗೂ ಒಯ್ಯಲು ರೂಪಿಸಿದ ಏತ ನೀರಾವರಿ ಯೋಜನೆಗೆ ಸಾಸ್ವೆಹಳ್ಳಿಯ ಹೆಸರಿದೆ. ಅದೇ ಸಾಸ್ವೆಹಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲಿ, ನ್ಯಾಮತಿ, ಜಗಳೂರುಗಳ ಹೋಬಳಿಗಳಲ್ಲೂ, ಹೆಸರು ನೋಂದಾಯಿಸಿದ ಪ್ರತಿ ರೋಗಿಯ ಪಾಲಿನ ಫ್ಯಾಕ್ಟರ್ ಸದಾ ಇರುವಂತೆ ಆರೋಗ್ಯ ಇಲಾಖೆ ಆದೇಶ ಹೊರಡಿಸಬೇಕು. ಆ ಬೇಡಿಕೆಯನ್ನು ರೋಗಿಗಳ ಮನೆಯವರಷ್ಟೇ ಅಲ್ಲ, ಗ್ರಾಮಸಭೆಯಲ್ಲಿ ಕೂರುವ ನಾವೆಲ್ಲರೂ ಎತ್ತಬೇಕು.