ಯಾವ ವರ್ಷದ ಎಂಜಿನ್ನು?

ಆಫೀಸಿನ ವಾಟ್ಸಾಪ್ ಗುಂಪಿಗೆ ಯಾರೋ ಒಂದು ವಿಡಿಯೋ ಹಾಕಿದ್ರು. ಹಸಿರು ಬಣ್ಣದ ಭಾರೀ ಉಗಿ ಎಂಜಿನ್ನು, ಬಿಳಿ ಹೊಗೆ, ಹಳಿಯ ಪಕ್ಕದ ಬೇಲಿಗಳ ತುಂಬ ಮೊಬೈಲ್ ಹಿಡಿದ ಜನ. ಇಂಗ್ಲೆಂಡಿನ ಫ್ಲೈಯಿಂಗ್ ಸ್ಕಾಟ್ಸ್‌ಮನ್. ಕೆಳಗೆ ಸಾಲುಸಾಲು ಕೆಂಪು ಹಾರ್ಟುಗಳು. ಟೆಸ್ಟಿಂಗ್ ಟೀಮಿನ ಹುಡುಗ ಒಬ್ಬ ಮಾತ್ರ ಕೇಳಿದ: "ಇದ್ರಲ್ಲಿ ಒರಿಜಿನಲ್ ಎಷ್ಟಿದೆ ಗುರು?"

ಪಾಪ, ಅವನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಲಂಚಿನಲ್ಲಿ ನಾನೂ ನಕ್ಕು ಸುಮ್ಮನಾದೆ. ಆಮೇಲೆ ಯೋಚಿಸಿದಾಗ ಅನ್ನಿಸಿತು, ಹಳೇ ಎಂಜಿನ್ನನ್ನು ಮತ್ತೆ ಓಡುವ ಹಾಗೆ ಮಾಡಿದಾಗೆಲ್ಲ ಕೇಳಬೇಕಾದದ್ದು ಈ ಥರದ ಪ್ರಶ್ನೆಯೇ. ಆದರೆ ಅವನು ಕೇಳಿದ ರೀತಿ ಸ್ವಲ್ಪ ತಪ್ಪಿದೆ.

ಮೊದಲು ಕಥೆ. ಈ ಎಂಜಿನ್ನು ಹುಟ್ಟಿದ್ದು 1923ರಲ್ಲಿ, ಡಾಂಕ್ಯಾಸ್ಟರ್ ಕಾರ್ಖಾನೆಯಲ್ಲಿ. ವಿನ್ಯಾಸ ನೈಜೆಲ್ ಗ್ರೆಸ್ಲಿಯವರದು. 1928ರಲ್ಲಿ ಲಂಡನ್ನಿನಿಂದ ಎಡಿನ್‌ಬರೋಗೆ ನಡುವೆ ಎಲ್ಲೂ ನಿಲ್ಲದೆ ಹೋಯಿತು. 1934ರಲ್ಲಿ ಗಂಟೆಗೆ 100 ಮೈಲಿ ಮುಟ್ಟಿತು. 1963ರಲ್ಲಿ ಸೇವೆಯಿಂದ ನಿವೃತ್ತಿ. ಮುಂದೆ ಅದನ್ನು ಕೊಂಡ ಶ್ರೀಮಂತರಲ್ಲಿ ಮೊದಲನೆಯವರು ಅದನ್ನು ಅಮೆರಿಕಕ್ಕೆ ಒಯ್ದು ದಿವಾಳಿಯೇ ಆದರು. ಕೊನೆಗೆ 2004ರಲ್ಲಿ ಯಾರ್ಕಿನ ನ್ಯಾಷನಲ್ ರೈಲ್ವೇ ಮ್ಯೂಸಿಯಂ 23 ಲಕ್ಷ ಪೌಂಡ್ ಕೊಟ್ಟು ಕೊಂಡಿತು. 2006ರಲ್ಲಿ ಬಿಚ್ಚಿದರು. ಬಿಚ್ಚಿದ ಮೇಲೆ ಗೊತ್ತಲ್ಲ, ಹಳೇ ಮನೆಯ ಗೋಡೆ ಕೆರೆದ ಹಾಗೆ, ಒಂದರ ಹಿಂದೆ ಇನ್ನೊಂದು. ಫ್ರೇಮಿನಲ್ಲೇ ಬಿರುಕು ಸಿಕ್ಕಿತು. ಮತ್ತೆ ಹಳಿ ಹತ್ತುವಷ್ಟರಲ್ಲಿ 2016 ಆಗಿತ್ತು, 42 ಲಕ್ಷ ಪೌಂಡ್ ಖರ್ಚಾಗಿತ್ತು. ಆ ಫೆಬ್ರವರಿಯಲ್ಲಿ ಲಂಡನ್ನಿನಿಂದ ಯಾರ್ಕಿಗೆ ಹೊರಟಾಗ ಫೋಟೋ ತೆಗೆಯುವವರು ಹಳಿಯ ಮೇಲೇ ಬಂದು ನಿಂತು, ರೈಲನ್ನು ನಿಲ್ಲಿಸಬೇಕಾಯಿತು.

ಇನ್ನು ಒರಿಜಿನಲ್ ವಿಷಯ. ಉಗಿಯ ಕಾಲದಲ್ಲಿ ಎಂಜಿನ್ನು ದೊಡ್ಡ ರಿಪೇರಿಗೆ ಬಂದರೆ ಬಾಯ್ಲರನ್ನು ಎತ್ತಿ ಪಕ್ಕಕ್ಕಿಡುತ್ತಿದ್ದರು. ಬಾಯ್ಲರ್ ರಿಪೇರಿಗೆ ಉಳಿದ ಭಾಗಕ್ಕಿಂತ ಹೆಚ್ಚು ದಿನ ಬೇಕು. ಅಲ್ಲಿಯವರೆಗೆ ಎಂಜಿನ್ನನ್ನು ಸುಮ್ಮನೆ ನಿಲ್ಲಿಸಿದರೆ ನಷ್ಟ. ಹಾಗಾಗಿ ಅದೇ ಮಾದರಿಯ ಬೇರೆ ಯಾವ ಬಾಯ್ಲರ್ ರೆಡಿ ಇದೆಯೋ ಅದನ್ನು ಕೂರಿಸಿ ಕಳಿಸುತ್ತಿದ್ದರು. ಅಂದರೆ ಮ್ಯೂಸಿಯಂ ಕೈ ಹಾಕುವ ದಶಕಗಳ ಮುಂಚೆಯೇ 'ಒರಿಜಿನಲ್' ಅನ್ನೋದು ಮುಗಿದಿತ್ತು. ನಮ್ಮೂರ ತೇರಿನ ಲೆಕ್ಕ. ಗಾಲಿ ಹೋಯಿತು, ಹೊಸ ಗಾಲಿ ಬಂತು. ಅಚ್ಚು ಮುರಿಯಿತು, ಹೊಸ ಅಚ್ಚು ಬಂತು. ಆದರೂ ತೇರು ಅದೇ, ಯಾರಿಗೂ ಅನುಮಾನ ಇಲ್ಲ. ಆದ್ದರಿಂದ ಎಷ್ಟು ಶೇಕಡಾ ಹಳೇ ಕಬ್ಬಿಣ ಇದೆ ಅಂತ ಕೇಳೋದು ಓಡುವ ಯಂತ್ರದ ಮಟ್ಟಿಗೆ ದೊಡ್ಡ ಪ್ರಶ್ನೆಯೇ ಅಲ್ಲ.

ಸರಿಯಾದ ಪ್ರಶ್ನೆ ಇನ್ನೊಂದಿದೆ: ಇದು ಯಾವ ವರ್ಷದ ಎಂಜಿನ್ನು?

ನೋಡಿ, 1923ರಲ್ಲಿ ಇದರ ನಂಬರ್ 1472. ಮರುವರ್ಷ 4472 ಆಯಿತು, ಎಲೆಹಸಿರು ಬಣ್ಣ, ಒಂಟಿ ಚಿಮಣಿ. ಜನರ ಕಣ್ಣಲ್ಲಿ ನಿಂತಿರೋದು ಈ ರೂಪವೇ. ಯುದ್ಧಕಾಲದಲ್ಲಿ ಕಪ್ಪು ಬಳಿದರು. 1947ರಲ್ಲಿ ಹೆಚ್ಚು ಒತ್ತಡದ ಬಾಯ್ಲರ್ ಹಾಕಿ ಬೇರೆಯೇ ದರ್ಜೆಗೆ ಏರಿಸಿದರು. ಮರುವರ್ಷದಿಂದ ನಂಬರ್ 60103. 1959ರ ಸುಮಾರಿಗೆ ಜೋಡಿ ಚಿಮಣಿ ಬಂತು. ಅದರಿಂದ ಹಬೆ ಸರಾಗವಾಗಿ ಹೊರಹೋಗಿ ಎಂಜಿನ್ನಿಗೆ ಉಸಿರಾಟ ಸುಲಭ ಆಯಿತು. ಆದರೆ ರಭಸ ಕಡಿಮೆಯಾದ್ದರಿಂದ ಹೊಗೆ ಮೇಲಕ್ಕೆ ಏಳದೆ ಡ್ರೈವರನ ಕಣ್ಣಿಗೇ ಅಡ್ಡ ಬರತೊಡಗಿತು. ಅದಕ್ಕೆ 1961ರಲ್ಲಿ ಮೂತಿಯ ಎರಡೂ ಕಡೆ ಹೊಗೆ ತಳ್ಳುವ ತಗಡುಗಳನ್ನು ಕೂರಿಸಿದರು. ಒಂದು ಸುಧಾರಣೆ, ಅದರಿಂದ ಒಂದು ತೊಂದರೆ, ಆ ತೊಂದರೆಗೊಂದು ಪ್ಯಾಚ್. ನಮ್ಮ ಸಾಫ್ಟ್‌ವೇರ್ ಮಂದಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ!

ಖಾಸಗಿ ಮಾಲೀಕರ ಕಾಲದಲ್ಲಿ ಇವನ್ನೆಲ್ಲ ಕಲಸಿಬಿಟ್ಟಿದ್ದರು. ಇಪ್ಪತ್ತರ ದಶಕದ ಎಲೆಹಸಿರು ಬಣ್ಣ, ಐವತ್ತರ ದಶಕದ ಜೋಡಿ ಚಿಮಣಿ. ಕೊನೆಗೆ ತಗಡುಗಳೂ ಬಂದವು. ಸೇವೆಯಲ್ಲಿದ್ದ ನಲವತ್ತು ವರ್ಷಗಳಲ್ಲಿ ಒಂದು ದಿನವೂ ಇರದಿದ್ದ ರೂಪ ಅದು. ನೋಡೋಕೆ ಚಂದ, ಚರಿತ್ರೆಯಾಗಿ ಸುಳ್ಳು. 2016ರಲ್ಲಿ ಮ್ಯೂಸಿಯಂ ಜೋಡಿ ಚಿಮಣಿ, ತಗಡುಗಳನ್ನು ಉಳಿಸಿಕೊಂಡು, ಅವಕ್ಕೆ ಹೊಂದುವ ಕಡುಹಸಿರು ಬಳಿದು 60103 ಅಂತ ಬರೆಯಿತು. ಎಷ್ಟೋ ಅಭಿಮಾನಿಗಳಿಗೆ ಇದು ಹಿಡಿಸಲಿಲ್ಲ. ನನಗೆ ಇಡೀ ಕೆಲಸದಲ್ಲಿ ಇಷ್ಟವಾದದ್ದು ಇದೇ. ಇದು ಅರವತ್ತರ ದಶಕದ, ನಿವೃತ್ತಿಯ ಅಂಚಿನ, ದುಡಿದು ದಣಿದ ಎಂಜಿನ್ನು. ಹಾಗಂತ ಒಪ್ಪಿಕೊಂಡಿದ್ದಾರೆ. ತಕರಾರು ಇಷ್ಟೇ: ಪ್ರಚಾರದ ತುಂಬ ಇರೋದು 1934ರ 100 ಮೈಲಿಯ ದಾಖಲೆ. ಆ ದಾಖಲೆ ಮಾಡಿದ್ದು ಒಂಟಿ ಚಿಮಣಿಯ, ಹಳೇ ದರ್ಜೆಯ ಎಂಜಿನ್ನು. ದೇಹ ಒಂದು ವರ್ಷದ್ದು, ಜಾಹೀರಾತು ಇನ್ನೊಂದು ವರ್ಷದ್ದು.

ಹಾಗಾದರೆ ಹಳೇ ಎಂಜಿನ್ನುಗಳನ್ನೆಲ್ಲ ಓಡಿಸಬೇಕಾ? ಇಲ್ಲ ಅನ್ನೋದಕ್ಕೆ ಬ್ರಿಟನ್ನಿನಲ್ಲೇ ಒಳ್ಳೆ ಉದಾಹರಣೆ ಇದೆ: ಸ್ಟೀಫನ್‌ಸನ್ನರ ರಾಕೆಟ್, 1829ರದು. ಅದನ್ನು ಓಡಿಸುವ ಗೋಜಿಗೆ ಯಾರೂ ಹೋಗಿಲ್ಲ. ಬದಲಿಗೆ 1979ರಲ್ಲಿ ಅದರ ಓಡುವ ಪ್ರತಿಕೃತಿ ಕಟ್ಟಿದರು. ತಮಾಷೆ ಏನಂದ್ರೆ, ಪಠ್ಯಪುಸ್ತಕದ ಚಿತ್ರದ ಹಾಗೆ ಇರೋದು ಪ್ರತಿಕೃತಿಯೇ. ಹಳದಿ ಬಣ್ಣ, ಓರೆಯಾಗಿ ಮೇಲೆದ್ದ ಸಿಲಿಂಡರು. ಅಸಲಿ ರಾಕೆಟ್ ಕಪ್ಪಗೆ, ಮೂಳೆ ಬಿಟ್ಟುಕೊಂಡ ಹಾಗೆ ನಿಂತಿದೆ, ಸಿಲಿಂಡರುಗಳು ಹೆಚ್ಚುಕಡಿಮೆ ಮಟ್ಟಸವಾಗಿವೆ. ಯಾಕಂದ್ರೆ ದುಡಿಯಲು ಶುರುಮಾಡಿದ ಸ್ವಲ್ಪ ದಿನದಲ್ಲೇ ಓಟ ಅಲುಗಾಡದಿರಲಿ ಅಂತ ಅವನ್ನು ಕೆಳಗಿಳಿಸಿದರು. 1999ರಲ್ಲಿ ತಜ್ಞರು ಅಸಲಿಯನ್ನು ಬಿಚ್ಚಿ ಇಂಚಿಂಚು ಪರೀಕ್ಷಿಸಿದರು. ಇಂಥ ಮಾರ್ಪಾಡುಗಳ ಗುರುತನ್ನೆಲ್ಲ ಕಬ್ಬಿಣದಲ್ಲೇ ಓದಲು ಸಾಧ್ಯವಾಯಿತು. ಯಾರೋ ಉತ್ಸಾಹಿಗಳು 'ರೀಸ್ಟೋರ್' ಮಾಡಿ ಓಡಿಸಿದ್ದಿದ್ದರೆ ಓದಲು ಏನು ಉಳಿದಿರುತ್ತಿತ್ತು? ಟೈಲ್ಸ್ ಹಾಕಿ, ಶಾಸನದ ಮೇಲೆ ಆಯಿಲ್ ಪೇಂಟ್ ಬಳಿದ ಜೀರ್ಣೋದ್ಧಾರಗಳನ್ನು ನಾವು ಸಾಕಷ್ಟು ನೋಡಿದ್ದೀವಿ.

ಈಗ ನಮ್ಮ ಮನೆಗೆ ಬರೋಣ. ಫೇರಿ ಕ್ವೀನ್ 1855ರಲ್ಲಿ ಲೀಡ್ಸ್‌ನಲ್ಲಿ ತಯಾರಾಗಿ ಈಸ್ಟ್ ಇಂಡಿಯನ್ ರೈಲ್ವೆಗೆ ಬಂದ ಎಂಜಿನ್ನು. 1909ರಲ್ಲಿ ನಿವೃತ್ತಿ, ಆಮೇಲೆ ದಶಕಗಟ್ಟಲೆ ಪ್ರದರ್ಶನದ ಗೊಂಬೆ. 1997ರಲ್ಲಿ ಚೆನ್ನೈನ ಪೆರಂಬೂರು ಕಾರ್ಖಾನೆಯವರು ಅದಕ್ಕೆ ಮತ್ತೆ ಉಸಿರು ತುಂಬಿದರು. ದೆಹಲಿಯಿಂದ ಅಲ್ವರಿಗೆ ಪ್ರವಾಸಿಗರನ್ನು ಎಳೆಯಿತು. ಮರುವರ್ಷ ಗಿನ್ನೆಸ್ ಪುಸ್ತಕಕ್ಕೂ ಸೇರಿತು. ಆ ಕೆಲಸಗಾರರ ಕೈಗೆ ನನ್ನ ನಮಸ್ಕಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ತೀರ್ಮಾನದ ಬಗ್ಗೆ ನನಗೆ ತಕರಾರಿದೆ. 1855ರ ಎಂಜಿನ್ನು ನಮಗೆ ರಾಕೆಟ್ ಇದ್ದ ಹಾಗೆ. ದೇಶದ ರೈಲಿನ ಮೊದಲ ದಿನಗಳ ಸಾಕ್ಷಿ. ಅದನ್ನು ಮಲಗಲು ಬಿಟ್ಟು, ಪ್ರತಿಕೃತಿ ಕಟ್ಟಿ ಓಡಿಸಬಹುದಿತ್ತು. ಅದೇ ಕೈಗಳು ಅದನ್ನೂ ಮಾಡಬಲ್ಲವಾಗಿದ್ದವು. ಆದರೆ ಪ್ರತಿಕೃತಿಗೆ ಗಿನ್ನೆಸ್ ಸರ್ಟಿಫಿಕೇಟ್ ಕೊಡಲ್ಲ ಅಲ್ವಾ? ಮುಂದೆ 2011ರಲ್ಲಿ ಅದರ ಬಿಡಿಭಾಗಗಳೇ ಕಳುವಾಗಿ, ಎಂಜಿನ್ನು ಮತ್ತೆ ಪೆರಂಬೂರಿನ ದಾರಿ ಹಿಡಿಯಬೇಕಾಯಿತು. ದಾಖಲೆ ಬಂದ ಮೇಲೆ ಕಾಯುವವರು ಕಮ್ಮಿ.

ಹಾಗಿದ್ದರೆ ಓಡಿಸೋದು ಯಾಕೆ? ಮ್ಯೂಸಿಯಂ ಗಾಜಿನೊಳಗೆ ಉಳಿಯದ ಒಂದು ವಸ್ತು ಇದೆ, ಅದು ಕೆಲಸ ಗೊತ್ತಿರುವ ಕೈ. ತಣ್ಣಗಿರುವ ದೊಡ್ಡ ಬಾಯ್ಲರನ್ನು ಅವಸರದಲ್ಲಿ ಕಾಯಿಸುವಂತಿಲ್ಲ. ಒಂದು ಕಡೆ ಬೇಗ ಹಿಗ್ಗಿ, ಇನ್ನೊಂದು ಕಡೆ ಹಿಗ್ಗದೆ, ಬೆಸುಗೆ-ಜೋಡಣೆಗಳು ಸೋರತೊಡಗುತ್ತವೆ. ಫೈರ್‌ಬಾಕ್ಸಿನ ನೆತ್ತಿಯ ಮೇಲೆ ಸದಾ ನೀರು ಇರಲೇಬೇಕು. ನೀರು ಇಳಿದರೆ ಅಲ್ಲಿನ ಸೀಸದ ಬಿರಡೆ ಕರಗಿ, ಹಬೆ ಬೆಂಕಿಯ ಮೇಲೆ ನುಗ್ಗಿ ಎಚ್ಚರಿಸುತ್ತದೆ. ಈ ನಿಯಮಗಳು ಪುಸ್ತಕದಲ್ಲಿವೆ. ಏರಿನಲ್ಲಿ ಎಷ್ಟು ಸಲಿಕೆ ಕಲ್ಲಿದ್ದಲು, ಯಾವ ಮೂಲೆಗೆ ಅನ್ನೋದು ಮಾತ್ರ ಪಕ್ಕದಲ್ಲಿ ನಿಂತು ಕಲಿಯುವ ವಿದ್ಯೆ.

ಆ ವಿದ್ಯೆ ಹೋದರೆ ಏನಾಗುತ್ತೆ? ಬ್ರಿಟನ್ನಿನವರು 2008ರಲ್ಲಿ ಟೊರ್ನೇಡೋ ಅನ್ನೋ ಎಂಜಿನ್ನನ್ನು ಪೂರಾ ಹೊಸದಾಗಿ ಕಟ್ಟಿ ಓಡಿಸಿದರು. ಆ ಮಾದರಿಯ 49 ಎಂಜಿನ್ನುಗಳೂ ಗುಜರಿಗೆ ಹೋಗಿದ್ದವು. 1990ರಲ್ಲಿ ಶುರುವಾದ ಪ್ರಯತ್ನ ಅದು. ಅದರ ಬಾಯ್ಲರನ್ನು ಮಾತ್ರ ಜರ್ಮನಿಯ ಮೈನಿಂಗನ್ ಕಾರ್ಖಾನೆಯಿಂದ ತರಿಸಬೇಕಾಯಿತು. ಉಗಿ ಎಂಜಿನ್ನನ್ನು ಜಗತ್ತಿಗೆ ಕೊಟ್ಟ ದೇಶ!

ನಮ್ಮಲ್ಲಿ ಉಲ್ಟಾ. ತಿರುಚ್ಚಿಯ ಗೋಲ್ಡನ್ ರಾಕ್ ಕಾರ್ಖಾನೆ ಈ ಶತಮಾನದಲ್ಲೂ ಊಟಿಯ ಪುಟ್ಟ ರೈಲಿಗೆ ಹೊಸ ಉಗಿ ಎಂಜಿನ್ನುಗಳನ್ನು ಕಟ್ಟಿದೆ, ಬಾಯ್ಲರ್ ಸಮೇತ. ಯಾಕಂದ್ರೆ ಅಲ್ಲಿ ಬೆಳಗಾದರೆ ರೈಲು ಬೆಟ್ಟ ಹತ್ತಲೇಬೇಕು. ಆರ್ಕೈವಿನಲ್ಲಿಟ್ಟ ಕೋಡ್ ಯಾರಿಗೂ ಅರ್ಥವಾಗಲ್ಲ, ಪ್ರೊಡಕ್ಷನ್‌ನಲ್ಲಿರುವ ಕೋಡ್ ಮಾತ್ರ ಯಾರಾದರೊಬ್ಬರ ತಲೆಯಲ್ಲಿ ಬದುಕಿರುತ್ತೆ. ಫೇರಿ ಕ್ವೀನ್ ಬಗ್ಗೆ ನಾವು ಎಷ್ಟು ಬರೆದಿದ್ದೀವಿ, ಗೋಲ್ಡನ್ ರಾಕ್ ಬಗ್ಗೆ ಎಷ್ಟು ಬರೆದಿದ್ದೀವಿ? ಅಲ್ಲಿದೆ ನನ್ನ ಬೇಸರ.

ಸಂಜೆ ಆ ಹುಡುಗನಿಗೆ ಬರೆದೆ: "ಒರಿಜಿನಲ್ ಕಬ್ಬಿಣ ಕಮ್ಮಿ. ಯಾವ ವರ್ಷದ್ದು ಅಂತ ಕೇಳು, ಆಮೇಲೆ ಯಾರ ಕೈಯಲ್ಲಿ ಓಡ್ತಿದೆ ಅಂತ ಕೇಳು." ಅವನ ಉತ್ತರ ಬಂತು: "ಹಾಗಾದ್ರೆ ನಮ್ಮ ಮೈಸೂರು ರೈಲು ಮ್ಯೂಸಿಯಮ್ಮಿನ ಎಂಜಿನ್ನು?" ಅವು ಮಲಗಿರಲಿ ಅಂದೆ. ಮಕ್ಕಳು ಹತ್ತಿ ಇಳಿಯಲಿ. ಈ ಸಲದ ಲಾಂಗ್ ವೀಕೆಂಡಿಗೆ ಮೇಟ್ಟುಪಾಳ್ಯಂಗೆ ಟಿಕೆಟ್ ನೋಡ್ತಿದ್ದೀವಿ. ವೇಟಿಂಗ್ ಲಿಸ್ಟ್ ಇದೆ, ಸದ್ಯಕ್ಕೆ ಅದೇ ಒಳ್ಳೆ ಸುದ್ದಿ.